ಭಾತಂಬ್ರಾದ ಕೋಟೆಯೂ ಬೀದರದ ಪ್ರವಾಸೋದ್ಯಮವೂ

ಬೀದರ ಜಿಲ್ಲೆಯ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಬೀದರದ ಕೋಟೆ, ಮಹಮೂದ ಗವಾನನ ಮದರಸಾ, ಅಷ್ಟೂರಿನ ಗುಮ್ಮಟಗಳು, ಬಸವಕಲ್ಯಾಣ, ಇಷ್ಟರ ಹೆಸರೇ ಕೇಳಿಬರುವುದು. ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿಯೂ ಒಂದು ಹಳೆಯ ಕೋಟೆಯುಂಟೆಂಬುದನ್ನು ಜಿಲ್ಲೆಯ ಹೊರಗೆ ಬಲ್ಲವರು ವಿರಳ. ಸರಕಾರದ ನೆರವೂ ಉದ್ಯಮಿಗಳ ಸಹಕಾರವೂ ಕೂಡಿದರೆ ಬರುವ ಲಾಭವು ಇಂಥ ಊರಿನ ಹೊಸ್ತಿಲನ್ನು ಮುಟ್ಟುವುದೇ ಎಂಬುದು ನಮ್ಮ ಮುಂದಿರುವ ಪ್ರಶ್ನೆಯು.

ಬೀದರಕ್ಕೆ ವೈಭವದ ಕೊರತೆಯಿಲ್ಲ. ಹದಿನೈದನೆಯ ಶತಮಾನದಲ್ಲಿ ಬಹಮನಿ ಅರಸರು ಕಲಬುರ್ಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಗವಾನನ ವಿದ್ಯಾಲಯವು 1472ರ ಸುಮಾರಿಗೆ ಎದ್ದು ನಿಂತಿತು. ಸತುವು ತಾಮ್ರಗಳನ್ನು ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಕುಸುರಿಯನ್ನು ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಬಿದರಿ ಕಲೆಯು ಇಲ್ಲಿಯದೇ. ಆ ಕಲೆಯ ಕುಶಲಿಗರಾದ ಶಾಹ ರಶೀದ ಅಹಮದ ಕಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಪುರಸ್ಕಾರವು ಸಂದಿತು.

ಸರಕಾರವು ಕೈಕಟ್ಟಿ ಕುಳಿತಿದೆಯೆಂದು ನಾವು ಹೇಳಲಾರೆವು. 2017ರಲ್ಲಿ ಬೀದರ-ಕಲಬುರ್ಗಿ ರೈಲುಮಾರ್ಗವು ತೆರೆಯಿತು. 2020ರಲ್ಲಿ ವಿಮಾನಸಂಚಾರವು ಆರಂಭವಾಯಿತು. ಅದು ನಡುವೆ ನಿಂತು ಮತ್ತೆ ನಡೆದುದೂ ಉಂಟು. 2023ರ ಜನವರಿಯಲ್ಲಿ ಬೀದರ ಉತ್ಸವವು ಜರುಗಿತು. ಆದರೆ ಉತ್ಸವದ ದೀಪಗಳು ಮೂರು ದಿನ ಉರಿಯುತ್ತವೆ. ಬಡವನ ಒಲೆಯು ವರ್ಷವೆಲ್ಲ ಉರಿಯಬೇಕು. ಹೈದರಾಬಾದಿನಿಂದ ಬೆಳಗ್ಗೆ ಹೊರಟವನು ಬೀದರವನ್ನು ನೋಡಿ ಸಂಜೆಗೆ ಮನೆ ಸೇರಬಲ್ಲನು. ಹಾಗೆ ಬಂದುಹೋಗುವವನ ಹಣವು ಬಹುಮಟ್ಟಿಗೆ ದಾರಿಯಲ್ಲಿಯೇ ಕರಗುವುದು. ಅವನು ಒಂದು ರಾತ್ರಿ ತಂಗಿದನೆಂದರೆ ಹಾಲು ಮಾರುವವಳಿಗೆ, ಕಿರಾಣಿ ಅಂಗಡಿಯವನಿಗೆ, ಆಟೋ ನಡೆಸುವವನಿಗೆ, ಬಿದರಿಯ ಕುಶಲಕರ್ಮಿಗೆ, ಎಲ್ಲರಿಗೂ ನಾಲ್ಕು ಕಾಸು ದೊರೆಯುವುದು. ಆದುದರಿಂದ ಆ ಒಂದು ರಾತ್ರಿಯೇ ಈ ಉದ್ಯಮದ ಜೀವವು.

ಈ ವಿಷಯದಲ್ಲಿ ವೇಲ್ಸ್ ದೇಶದ ಉದಾಹರಣೆಯು ಮನನೀಯವಾಗಿದೆ. ಇಂಗ್ಲಿಷಿನ ಪ್ರಾಬಲ್ಯದ ನಡುವೆ ಸ್ವಭಾಷೆಯನ್ನು ಉಳಿಸಿಕೊಳ್ಳಲು ಹೆಣಗಿದ ಆ ಸಣ್ಣ ನಾಡು ನಮ್ಮಂತೆಯೇ ಕೋಟೆಗಳ ನಾಡು. 1969ರ ಕಾಯಿದೆಯಿಂದ ಅಲ್ಲಿ ಪ್ರವಾಸ ಮಂಡಳಿಯೊಂದು ಸ್ಥಾಪಿತವಾಯಿತು. 2006ರಲ್ಲಿ ಅದರ ಕಾರ್ಯವು ಅಲ್ಲಿಯ ಸರಕಾರದಲ್ಲಿಯೇ ಸೇರಿತು. ಪ್ರಾಚೀನ ಸ್ಮಾರಕಗಳನ್ನು ನೋಡಿಕೊಳ್ಳಲು 1984ರಲ್ಲಿ ಬೇರೆಯೇ ಒಂದು ಸಂಸ್ಥೆಯು ಹುಟ್ಟಿತು. ಕೋಟೆಯ ರಕ್ಷಣೆ ಸರಕಾರದ ಹೊಣೆ, ಅತಿಥಿಯ ಊಟ ವಸತಿ ಖಾಸಗಿಯವರ ಕೆಲಸ. ಅಲ್ಲಿ ಒಕ್ಕಲಿಗರೂ ತಮ್ಮ ಮನೆಗಳಲ್ಲಿ ಕೋಣೆ ಕೊಟ್ಟು ಪ್ರವಾಸಿಗರನ್ನು ಇಳಿಸಿಕೊಳ್ಳುತ್ತಾರೆ. ಹೀಗೆ ಹಳ್ಳಿಗೂ ಅದರ ಪಾಲು ಸಲ್ಲುತ್ತದೆ.

ನಮ್ಮಲ್ಲಿಯೂ ಈ ಹೊಣೆವಿಭಾಗವು ಸ್ಪಷ್ಟವಾಗಬೇಕು. ರಸ್ತೆ, ಕುಡಿಯುವ ನೀರು, ಶೌಚಾಲಯ, ಕನ್ನಡದ ಫಲಕಗಳು, ಶಿಥಿಲವಾದ ಗೋಡೆಗಳ ಭದ್ರತೆ, ಇವು ಸರಕಾರವು ಮಾಡತಕ್ಕ ಕೆಲಸಗಳು. ಗೋಡೆಯ ದುರಸ್ತಿಯನ್ನು ಬಲ್ಲವರ ಕೈಯಿಂದ ಮಾಡಿಸಬೇಕೇ ಹೊರತು ಹಳೆಯ ಕಲ್ಲಿಗೆ ಸಿಮೆಂಟು ಬಳಿದು ಅಂದಗೆಡಿಸಬಾರದು. ಹೋಟೆಲಿನವರೂ ವಾಹನಗಳ ಮಾಲೀಕರೂ ಕಲೆತು ಎರಡು ದಿನಗಳ ಪ್ರವಾಸವೊಂದನ್ನು ಗೊತ್ತುಪಡಿಸಲಿ: ಮೊದಲನೆಯ ದಿನ ಬೀದರ, ಅಷ್ಟೂರು, ಎರಡನೆಯ ದಿನ ಭಾಲ್ಕಿ, ಭಾತಂಬ್ರಾ, ಬಸವಕಲ್ಯಾಣ. ಭಾಲ್ಕಿಗೆ ರೈಲುನಿಲ್ದಾಣವಿರುವುದು ಇದಕ್ಕೆ ಅನುಕೂಲವೇ. ಸಂವಿಧಾನದ 371ಜೆ ವಿಧಿಯ ಮೇರೆಗೆ ಈ ಹಿಂದುಳಿದ ಪ್ರದೇಶಕ್ಕಾಗಿ ಪ್ರತ್ಯೇಕ ಅಭಿವೃದ್ಧಿ ಮಂಡಳಿಯಿದೆ. ಅದರ ಹಣದಲ್ಲಿ ಒಂದಂಶವು ಇಂಥ ಸಣ್ಣ ಊರುಗಳಿಗೆ ಮೀಸಲಾಗುವುದು ನ್ಯಾಯವು.

ಸರಕಾರ ಉದ್ಯಮಗಳ ಈ ಒಪ್ಪಂದದಲ್ಲಿ ಮೂರನೆಯ ಸಹಿಯು ಗ್ರಾಮ ಪಂಚಾಯತಿಯದಾಗಿರಲಿ ಎಂಬುದು ನಮ್ಮ ಮುಖ್ಯ ಬಿನ್ನಹ. ಸರಕಾರದ ರಿಯಾಯಿತಿಯನ್ನು ಪಡೆಯುವ ಉದ್ಯಮಿಯು ಮಾರ್ಗದರ್ಶಕ, ಅಡಿಗೆ, ಕಾವಲು ಮುಂತಾದ ಕೆಲಸಗಳಿಗೆ ಊರವರನ್ನೇ ಮೊದಲು ಕರೆಯಬೇಕೆಂಬ ಕರಾರು ಇರತಕ್ಕದ್ದು. ಹೊಟ್ಟೆಪಾಡಿಗಾಗಿ ಹೈದರಾಬಾದ, ಪುಣೆಗಳ ದಾರಿ ಹಿಡಿಯುವ ನಮ್ಮ ತರುಣರಲ್ಲಿ ಹತ್ತು ಜನರಾದರೂ ಊರಿನಲ್ಲಿಯೇ ನಿಲ್ಲುವಂತಾದರೆ ಈ ಪ್ರಯತ್ನವು ಸಾರ್ಥಕವು. ಕೋಟೆಯ ಒಡೆತನವು ಅಂದು ಅರಸರದಾಗಿದ್ದರೂ ಅದರ ಕಲ್ಲು ಹೊತ್ತವರು ಊರಿನ ಜನರು; ಇಂದು ಅದರಿಂದ ಬರುವ ಅನ್ನದಲ್ಲಿ ಮೊದಲ ತುತ್ತು ಅವರಿಗೆ ಸಲ್ಲಬೇಕು.