ಬರೆಯಲು ಕನ್ನಡ, ಉತ್ತರಕ್ಕೆ ಇಂಗ್ಲಿಷ್: ಆಡಳಿತ ಭಾಷೆ ಎಂದರೇನು?

ನಮ್ಮ ವರದಿಗಾರರಿಂದ

ಶಿವಮೊಗ್ಗ: ಭದ್ರಾವತಿಯ ನಿವಾಸಿಯೊಬ್ಬರು ನಗರಸಭೆಗೆ ಕನ್ನಡದಲ್ಲಿ ಅರ್ಜಿ ಬರೆದರೆ ಹಿಂಬರಹ ಕನ್ನಡದಲ್ಲಿಯೇ ಬರಬೇಕು. ಅದೇ ವ್ಯಕ್ತಿ ಅದೇ ಊರಿನ ಕೇಂದ್ರ ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆದರೆ ಉತ್ತರವೂ ಕನ್ನಡದಲ್ಲಿ ಬರುತ್ತದೆಂಬ ಖಾತರಿಯಿಲ್ಲ. ಊರು ಒಂದೇ, ಜನರೂ ಅವರೇ. ಆದರೆ ಕಚೇರಿಯ ಬಾಗಿಲು ಬದಲಾದಂತೆ ನಿಯಮವೂ ಬದಲಾಗುತ್ತದೆ. ಇದು ಯಾವುದೋ ಅಧಿಕಾರಿಯ ಮರ್ಜಿಗೆ ಸೇರಿದ ವಿಷಯವಲ್ಲ. 'ಆಡಳಿತ ಭಾಷೆ' ಎಂಬ ಎರಡು ಪದಗಳಿಗೆ ಕಾನೂನು ನೀಡಿರುವ ಅರ್ಥವೇ ಇದಕ್ಕೆ ಕಾರಣ.

ನವೆಂಬರ್ ತಿಂಗಳು ಬಂದಾಗಲೆಲ್ಲ ಕನ್ನಡದ ಆಡಳಿತ ಭಾಷೆಯ ಸ್ಥಾನಮಾನ ಚರ್ಚೆಗೆ ಬರುತ್ತದೆ. ಆ ಸ್ಥಾನಮಾನದಿಂದ ಜನಸಾಮಾನ್ಯರಿಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದರ ಕುರಿತ ಮಾಹಿತಿ ಇಲ್ಲಿದೆ.

ಜನರ ಭಾಷೆ ಬೇರೆ, ಸರ್ಕಾರದ ಭಾಷೆ ಬೇರೆ

ಒಂದು ಭಾಷೆಯನ್ನು ಎಷ್ಟು ಜನ ಆಡುತ್ತಾರೆ ಎಂಬುದಕ್ಕೂ ಅದು ಆಡಳಿತ ಭಾಷೆ ಆಗಿದೆಯೇ ಎಂಬುದಕ್ಕೂ ನೇರ ಸಂಬಂಧವಿಲ್ಲ. ಜಗತ್ತಿನ ಅತ್ಯಂತ ವ್ಯಾಪಕ ಭಾಷೆಗಳಲ್ಲಿ ಒಂದಾದ ಸ್ಪ್ಯಾನಿಷ್ ಇದಕ್ಕೆ ಉತ್ತಮ ನಿದರ್ಶನ. ಸ್ಪೇನ್, ಲ್ಯಾಟಿನ್ ಅಮೆರಿಕದ 18 ರಾಷ್ಟ್ರಗಳು ಹಾಗೂ ಆಫ್ರಿಕಾದ ಈಕ್ವಟೋರಿಯಲ್ ಗಿನಿ ಸೇರಿ 20 ರಾಷ್ಟ್ರಗಳ ಸರ್ಕಾರಗಳು ಆ ಭಾಷೆಯಲ್ಲಿ ಆಡಳಿತ ನಡೆಸುತ್ತವೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಆದರೆ ಅತಿ ಹೆಚ್ಚು ಸ್ಪ್ಯಾನಿಷ್ ಭಾಷಿಕರಿರುವ ಮೆಕ್ಸಿಕೊದ ಸಂವಿಧಾನವು ಯಾವ ಭಾಷೆಯನ್ನೂ ಅಧಿಕೃತವೆಂದು ಘೋಷಿಸಿಲ್ಲ. ರೂಢಿಯ ಬಲದಿಂದಲೇ ಅಲ್ಲಿ ಸ್ಪ್ಯಾನಿಷ್ ಆಳುತ್ತಿದೆ.

ಪರಾಗ್ವೆಯ ಕಥೆ ಇದಕ್ಕಿಂತ ಭಿನ್ನ. ಅಲ್ಲಿನ ಬಹುಪಾಲು ಜನ ಮನೆಮಾತಾಗಿ ಬಳಸುವ ಗ್ವಾರಾನಿ ಎಂಬ ಮೂಲನಿವಾಸಿ ಭಾಷೆಗೆ 1992ರ ಸಂವಿಧಾನದಲ್ಲಿ ಸ್ಪ್ಯಾನಿಷ್‌ಗೆ ಸಮನಾದ ಅಧಿಕೃತ ಸ್ಥಾನ ದೊರೆಯಿತು. ಬೊಲಿವಿಯಾ 2009ರಲ್ಲಿ ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳನ್ನು ಅಧಿಕೃತವೆಂದು ಒಪ್ಪಿಕೊಂಡಿತು. ಸ್ಪೇನ್‌ನ 1978ರ ಸಂವಿಧಾನದಂತೆ ಸ್ಪ್ಯಾನಿಷ್ ಇಡೀ ದೇಶದ ಭಾಷೆ. ಕೆಟಲಾನ್, ಬಾಸ್ಕ್, ಗ್ಯಾಲಿಸಿಯನ್ ಭಾಷೆಗಳು ಆಯಾ ಪ್ರದೇಶಗಳಲ್ಲಿ ಸಹ-ಅಧಿಕೃತ ಭಾಷೆಗಳು. ನಮ್ಮ ದೇಶದ ವ್ಯವಸ್ಥೆಗೆ ಮೇಲ್ನೋಟಕ್ಕೆ ಹತ್ತಿರವಾದದ್ದು ಸ್ಪೇನ್ ಮಾದರಿಯೇ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಪ್ರದೇಶ ಮುಖ್ಯ, ಇಲ್ಲಿ ಕಚೇರಿ ಯಾರದ್ದು ಎಂಬುದು ಮುಖ್ಯ.

ರಾಜ್ಯದ ಕಾಯ್ದೆಗಳು

ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯನ್ನು ಆಡಳಿತ ಭಾಷೆಯಾಗಿ ಅಂಗೀಕರಿಸುವ ಅಧಿಕಾರವನ್ನು ಸಂವಿಧಾನದ 345ನೇ ವಿಧಿಯು ಶಾಸನಸಭೆಗೆ ನೀಡಿದೆ. ಅದರನ್ವಯ ಅಂದಿನ ಮೈಸೂರು ರಾಜ್ಯವು 1963ರಲ್ಲಿ ರಾಜಭಾಷಾ ಅಧಿನಿಯಮವನ್ನು ಜಾರಿಗೆ ತಂದು ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯಾಗಿ ಘೋಷಿಸಿತು. 1981ರ ಮತ್ತೊಂದು ಕಾಯ್ದೆಯು ಸ್ಥಳೀಯ ಸಂಸ್ಥೆಗಳನ್ನೂ ಈ ವ್ಯಾಪ್ತಿಗೆ ತಂದಿತು. ಶಿವಮೊಗ್ಗ ಮಹಾನಗರ ಪಾಲಿಕೆ, ಭದ್ರಾವತಿ ನಗರಸಭೆ ಹಾಗೂ ಗ್ರಾಮ ಪಂಚಾಯಿತಿಗಳ ವ್ಯವಹಾರ ಕನ್ನಡದಲ್ಲಿರಬೇಕು ಎನ್ನುವುದಕ್ಕೆ ಇವೇ ಆಧಾರ.

ಅನುಷ್ಠಾನದ ಮೇಲ್ವಿಚಾರಣೆಗೆ ಕನ್ನಡ ಅಭಿವೃದ್ಧಿ ಪ್ರಾಧಿಕಾರವಿದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹಾಗೂ ಅದಕ್ಕೆ 2024ರಲ್ಲಿ ತಂದ ತಿದ್ದುಪಡಿಯಂತೆ ಅಂಗಡಿ, ಹೋಟೆಲ್, ಆಸ್ಪತ್ರೆ ಮುಂತಾದವುಗಳ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಶಿವಮೊಗ್ಗದ ನೆಹರೂ ರಸ್ತೆಯ ಅಂಗಡಿಗಳಿಗೂ ಈ ನಿಯಮ ಅನ್ವಯಿಸುತ್ತದೆ.

ನ್ಯಾಯಾಲಯಗಳ ವಿಷಯದಲ್ಲಿ ಗೆರೆ ಇನ್ನೊಂದು ಕಡೆ ಬಿದ್ದಿದೆ. ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳಲ್ಲಿ ಕನ್ನಡಕ್ಕೆ ಅವಕಾಶವಿದೆ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ಗಳ ಭಾಷೆ ಇಂಗ್ಲಿಷ್ ಎಂದು 348ನೇ ವಿಧಿ ಹೇಳುತ್ತದೆ. ಸುಪ್ರೀಂ ಕೋರ್ಟ್ ತನ್ನ ಆಯ್ದ ತೀರ್ಪುಗಳ ಕನ್ನಡ ಅನುವಾದವನ್ನು 2019ರಿಂದ ಪ್ರಕಟಿಸುತ್ತಿದೆಯಾದರೂ ಕಾನೂನಿನ ದೃಷ್ಟಿಯಲ್ಲಿ ಇಂಗ್ಲಿಷ್ ಪಠ್ಯವೇ ಪ್ರಮಾಣ. ಶಿವಮೊಗ್ಗದ ಕೋರ್ಟ್‌ನಲ್ಲಿ ಕನ್ನಡದಲ್ಲಿ ನಡೆದ ಜಮೀನು ವ್ಯಾಜ್ಯ ಮೇಲ್ಮನವಿಗೆ ಹೋದಾಗ ದಾಖಲೆಗಳೆಲ್ಲ ಇಂಗ್ಲಿಷ್‌ಗೆ ಭಾಷಾಂತರವಾಗಬೇಕಾಗುತ್ತದೆ. ಅದರ ವೆಚ್ಚ ಮತ್ತು ವಿಳಂಬದ ಹೊರೆ ಕಕ್ಷಿದಾರರ ತಲೆಯ ಮೇಲೆ ಬೀಳುತ್ತದೆ.

ಎರಡು ಕಾರ್ಖಾನೆ, ಎರಡು ನಿಯಮ

ಭದ್ರಾವತಿಯ ಎರಡು ಕಾರ್ಖಾನೆಗಳನ್ನು ನೋಡಿದರೆ ಈ ಗೆರೆ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಅವರ ಆಸ್ಥೆಯಿಂದ ಆರಂಭವಾದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. 1989ರಲ್ಲಿ ಅದು ಕೇಂದ್ರ ಸರ್ಕಾರದ ಸೈಲ್ ಸಂಸ್ಥೆಯ ಅಧೀನಕ್ಕೆ ಬಂದು, 1998ರಲ್ಲಿ ಅದರಲ್ಲಿಯೇ ವಿಲೀನವಾಯಿತು. ಇನ್ನೊಂದೆಡೆ, 1936ರಲ್ಲಿ ಸ್ಥಾಪನೆಯಾದ, ಈಗ ಉತ್ಪಾದನೆ ನಿಂತಿರುವ ಮೈಸೂರು ಕಾಗದ ಕಾರ್ಖಾನೆ ರಾಜ್ಯ ಸರ್ಕಾರದ ಒಡೆತನದಲ್ಲಿಯೇ ಉಳಿಯಿತು.

ಒಡೆತನ ಬದಲಾದಾಗ ಭಾಷಾ ನಿಯಮವೂ ಬದಲಾಗುತ್ತದೆ. ಕೇಂದ್ರದ ರಾಜಭಾಷಾ ಅಧಿನಿಯಮ 1963 ಹಾಗೂ ರಾಜಭಾಷಾ ನಿಯಮಗಳು 1976 ಕೇಂದ್ರದ ಇಲಾಖೆಗಳಿಗೆ ಮಾತ್ರವಲ್ಲ, ಕೇಂದ್ರದ ಒಡೆತನದ ಕಂಪನಿಗಳಿಗೂ ಅನ್ವಯಿಸುತ್ತವೆ. ಈ ನಿಯಮಗಳು ರಾಜ್ಯಗಳನ್ನು 'ಕ', 'ಖ', 'ಗ' ಎಂಬ ಮೂರು ವಲಯಗಳಾಗಿ ವಿಂಗಡಿಸಿವೆ. ಹಿಂದಿ ರಾಜ್ಯಗಳು ಮೊದಲನೆಯದರಲ್ಲಿವೆ. ಕರ್ನಾಟಕ ಇರುವುದು ಮೂರನೆಯ ವಲಯದಲ್ಲಿ. ತಮಿಳುನಾಡಿಗೆ ಈ ನಿಯಮಗಳೇ ಅನ್ವಯಿಸುವುದಿಲ್ಲ.

ಮೂರನೆಯ ವಲಯದ ರಾಜ್ಯ ಸರ್ಕಾರಕ್ಕಾಗಲೀ ಅಲ್ಲಿನ ವ್ಯಕ್ತಿಗಾಗಲೀ ಕೇಂದ್ರದ ಕಚೇರಿ ಬರೆಯುವ ಪತ್ರ ಇಂಗ್ಲಿಷ್‌ನಲ್ಲಿರಬೇಕು ಎಂಬುದು ನಿಯಮ. ಹಿಂದಿಯಲ್ಲಿ ಬಂದ ಪತ್ರಕ್ಕೆ ಹಿಂದಿಯಲ್ಲಿಯೇ ಉತ್ತರಿಸಬೇಕು ಎಂಬ ಕಡ್ಡಾಯವೂ ಉಂಟು. ಕನ್ನಡದಲ್ಲಿ ಬಂದ ಪತ್ರಕ್ಕೆ ಕನ್ನಡದಲ್ಲಿ ಉತ್ತರಿಸಬೇಕೆಂಬ ಕಡ್ಡಾಯ ಮಾತ್ರ ಅಲ್ಲಿಲ್ಲ. 2011ರ ಜನಗಣತಿಯ ಪ್ರಕಾರ 4.37 ಕೋಟಿ ಜನರ ಮಾತೃಭಾಷೆಯಾದ, 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ಪಡೆದ ಭಾಷೆಗೆ ಕೇಂದ್ರದ ಕಚೇರಿಯಲ್ಲಿರುವ ಸ್ಥಿತಿ ಇದು. ಶಾಸ್ತ್ರೀಯ ಸ್ಥಾನಮಾನವು ಸಂಶೋಧನೆ ಮತ್ತು ಅಧ್ಯಯನಕ್ಕೆ ನೆರವು ತರುತ್ತದೆಯೇ ಹೊರತು ಕಚೇರಿಯ ಕಡತವನ್ನು ಕನ್ನಡಕ್ಕೆ ತರುವುದಿಲ್ಲ.

ಹೆಸರು ಬದಲಿಸಲೂ ದೆಹಲಿಯ ಒಪ್ಪಿಗೆ

ಶಿವಮೊಗ್ಗದ ಹೆಸರೇ ಈ ಅಧಿಕಾರ ಹಂಚಿಕೆಗೆ ಇನ್ನೊಂದು ಸಾಕ್ಷಿ. ಜನರ ಬಾಯಲ್ಲಿ ಸದಾ 'ಶಿವಮೊಗ್ಗ'ವಾಗಿದ್ದ ಊರು ಇಂಗ್ಲಿಷ್ ದಾಖಲೆಗಳಲ್ಲಿ 'ಶಿಮೊಗ' ಆಗಿಯೇ ಉಳಿದಿತ್ತು. ಊರುಗಳ ಹೆಸರನ್ನು ಕನ್ನಡದ ಉಚ್ಚಾರಣೆಯಂತೆಯೇ ಬರೆಯಬೇಕೆಂಬ ಸಲಹೆಯನ್ನು ಸುವರ್ಣ ಕರ್ನಾಟಕದ ಸಂದರ್ಭದಲ್ಲಿ ಮುಂದಿಟ್ಟವರು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರಾದ ಡಾ. ಯು.ಆರ್. ಅನಂತಮೂರ್ತಿ. ಕೇಂದ್ರದ ಒಪ್ಪಿಗೆ ದೊರೆತು ಶಿವಮೊಗ್ಗ ಸೇರಿದಂತೆ 12 ಊರುಗಳ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ, ಆಗಸ್ಟ್‌ನಲ್ಲಿ ಅನಂತಮೂರ್ತಿ ನಿಧನರಾಗಿದ್ದರು.

ಅಲ್ಪಸಂಖ್ಯಾತರ ಪ್ರಶ್ನೆ

ಕನ್ನಡಕ್ಕೆ ನ್ಯಾಯ ಕೇಳುವಾಗ ಇನ್ನೊಂದು ಮಗ್ಗುಲನ್ನೂ ಮರೆಯುವಂತಿಲ್ಲ. ಕಾರ್ಖಾನೆಯ ಕೆಲಸ ಅರಸಿ ಬಂದ ತಮಿಳು, ತೆಲುಗು ಭಾಷಿಕರ ಕುಟುಂಬಗಳು ಭದ್ರಾವತಿಯಲ್ಲಿ ತಲೆಮಾರುಗಳಿಂದ ನೆಲೆಸಿವೆ. ಎರಡೂ ನಗರಗಳಲ್ಲಿ ಉರ್ದು ಮನೆಮಾತಿನವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮಾತು ಜೀವಂತವಾಗಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು 350ಎ ವಿಧಿ ಹೇಳುತ್ತದೆ.

ಇದೇ ಹಕ್ಕನ್ನು ಗಡಿಯಾಚೆ ಕನ್ನಡಿಗರು ಕೇಳುತ್ತಿದ್ದಾರೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರು ಸರ್ಕಾರದೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ನಡೆಸಲು ಆ ರಾಜ್ಯದ 1969ರ ರಾಜಭಾಷಾ ಕಾಯ್ದೆ ಅವಕಾಶ ಕಲ್ಪಿಸಿದೆ. ಕಾಸರಗೋಡಿನ ಕನ್ನಡಿಗನಿಗೆ ಯಾವುದು ನ್ಯಾಯವೋ ಭದ್ರಾವತಿಯ ತಮಿಳು ಭಾಷಿಕನಿಗೂ ಅದೇ ನ್ಯಾಯ ಎಂದು ಒಪ್ಪಿಕೊಂಡಾಗ ಮಾತ್ರ ನಮ್ಮ ಬೇಡಿಕೆಗೆ ತೂಕ ಬರುತ್ತದೆ.

ಉದ್ಯೋಗದ ಬಾಗಿಲು

ಆಡಳಿತ ಭಾಷೆಯ ಪ್ರಶ್ನೆ ಯುವಜನರನ್ನು ನೇರವಾಗಿ ತಟ್ಟುವುದು ನೇಮಕಾತಿ ಪರೀಕ್ಷೆಗಳಲ್ಲಿ. ಬಹುಕಾಲ ಕೇಂದ್ರದ ಅನೇಕ ಪರೀಕ್ಷೆಗಳ ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ ಇರುತ್ತಿತ್ತು. ಗ್ರಾಮೀಣ ಬ್ಯಾಂಕ್‌ಗಳ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರವು 2019ರಲ್ಲಿ ಪ್ರಕಟಿಸಿತು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೂ 2024ರಿಂದ ಈ ಸೌಲಭ್ಯ ವಿಸ್ತರಿಸಿತು. ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿಯ ಅಭ್ಯರ್ಥಿಗೆ ಇದು ಸಣ್ಣ ಬದಲಾವಣೆಯಲ್ಲ.

ನಾಗರಿಕರು ತಿಳಿದಿರಬೇಕಾದುದು

* ಅಹವಾಲು: ಕೇಂದ್ರ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಕನ್ನಡದಲ್ಲಿ ಅಹವಾಲು ಸಲ್ಲಿಸುವ ಹಕ್ಕು 350ನೇ ವಿಧಿಯಂತೆ ಪ್ರತಿಯೊಬ್ಬರಿಗೂ ಇದೆ. ಕನ್ನಡದಲ್ಲಿದೆ ಎಂಬ ಕಾರಣಕ್ಕೆ ಅದನ್ನು ತಿರಸ್ಕರಿಸುವಂತಿಲ್ಲ.

* ಮಾಹಿತಿ ಹಕ್ಕು: 2005ರ ಕಾಯ್ದೆಯ 6ನೇ ಕಲಮಿನಂತೆ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಸಲ್ಲಿಸಬಹುದು. ಭದ್ರಾವತಿಯ ಕೇಂದ್ರೋದ್ಯಮಕ್ಕೂ ಶಿವಮೊಗ್ಗದ ಬ್ಯಾಂಕಿಗೂ ಕನ್ನಡ ಅರ್ಜಿ ಸಿಂಧು. ಬರೆಯಲು ಬಾರದವರ ಮೌಖಿಕ ಕೋರಿಕೆಯನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು.

* ಬ್ಯಾಂಕ್: ಚಲನ್ ಮತ್ತಿತರ ಮುದ್ರಿತ ನಮೂನೆಗಳು ಇಂಗ್ಲಿಷ್, ಹಿಂದಿ ಹಾಗೂ ಪ್ರಾದೇಶಿಕ ಭಾಷೆ ಮೂರರಲ್ಲಿಯೂ ಲಭ್ಯವಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಕೌಂಟರ್‌ನಲ್ಲಿ ಕನ್ನಡ ನಮೂನೆ ಇಲ್ಲದಿದ್ದರೆ ಕೇಳಿ ಪಡೆಯಬಹುದು.

ಕಾಯ್ದೆಯು ಹಕ್ಕನ್ನು ಕೊಡಬಲ್ಲದು, ಬಳಕೆಯನ್ನು ಕೊಡಲಾರದು. ಇಂಗ್ಲಿಷ್ ನಮೂನೆಯಲ್ಲಿ ಯಾರಿಂದಲೋ ಬರೆಸಿ, ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಅಭ್ಯಾಸ ಇರುವವರೆಗೆ ಕನ್ನಡ ನಮೂನೆಗಳು ಕಪಾಟಿನಲ್ಲಿಯೇ ಉಳಿಯುತ್ತವೆ. ಕನ್ನಡದ ಪತ್ರಕ್ಕೆ ಕನ್ನಡದ ಉತ್ತರ ಸಿಗುವಂತಾಗಲು 1976ರ ನಿಯಮಗಳ ತಿದ್ದುಪಡಿ ಬೇಕು. ಅದು ಸಂಸದರು ದೆಹಲಿಯಲ್ಲಿ ಎತ್ತಬೇಕಾದ ವಿಷಯ. ಆದರೆ ಕನ್ನಡದಲ್ಲಿ ಬರೆಯಲು ಯಾರ ಅನುಮತಿಯೂ ಬೇಕಿಲ್ಲ.