ಗೆಂಡೆಮರಿಯ ಊಟ ಮತ್ತು ಉಸಿರು

ಪಟ್ಟಣದಲ್ಲಿ ಮನೆ, ಹಳ್ಳಿಯಲ್ಲಿ ತುಂಡು ತೋಟ ಇರುವವರಿಗೆ ತೋಟದ ಮೂಲೆಯ ಹೊಂಡದಲ್ಲಿ ಮೀನು ಸಾಕುವ ಆಸೆ ಹುಟ್ಟುವುದು ಸಹಜ. ಸಾವಿರಗಟ್ಟಲೆ ಮರಿ ತಂದು ಬಿಡುತ್ತಾರೆ. ಹದಿನೈದು ದಿನದ ಮೇಲೆ ಬಲೆಯೆಳೆದರೆ ಬರಿಯ ಕೆಸರು. ಮರಿ ಸರಿಯಿರಲಿಲ್ಲವೆಂದು ದೂರುವುದು ವಾಡಿಕೆ. ಆದರೆ ನೀರಿನ ಸ್ಥಿತಿಯನ್ನು ವಿಚಾರಿಸಿದವರು ಕಡಮೆ.

ಕಾಟ್ಲಾ, ರೋಹು, ಮೃಗಾಲ್ ಎಂಬ ನಮ್ಮ ದೊಡ್ಡ ಗೆಂಡೆಗಳು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡವು. ಹಿಂದೆ ಮಳೆಗಾಲದ ಹೊಳೆಗಳಿಂದಲೇ ಮರಿ ಹಿಡಿದು ತರಬೇಕಾಗಿತ್ತು. ೧೯೫೭ರ ಜುಲೈ ೧೦ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಮೀನಿಗೆ ಚುಚ್ಚಿ ಮೊಟ್ಟೆಯಿಡಿಸಿದ ಮೇಲೆ ಈ ಕಷ್ಟ ತಪ್ಪಿತು.

ಮೊಟ್ಟೆಯೊಡೆದ ಮರಿಗೆ ಮೊದಲ ಮೂರು ದಿನ ಹೊಟ್ಟೆಗಂಟಿದ ಹಳದಿ ಚೀಲವೇ ಬುತ್ತಿ. ಅನಂತರ ಅದಕ್ಕೆ ಬೇಕಾದುದು ಬರಿಗಣ್ಣಿಗೆ ಕಂಡೂ ಕಾಣದ ನೀರಿನ ಸೂಕ್ಷ್ಮ ಜೀವಿಗಳು. ಇವನ್ನು ಮರಿ ಬರುವುದಕ್ಕೆ ಮೊದಲೇ ಹೊಂಡದಲ್ಲಿ ಬೆಳೆಸಿರಬೇಕು. ಗುಂಟೆಯಷ್ಟು ಹೊಂಡಕ್ಕೆ ೨-೩ ಕಿಲೋ ಸುಣ್ಣ ಹಾಕಿ, ಮರಿ ಬಿಡುವ ೧೫ ದಿನ ಮುಂಚೆ ಸುಮಾರು ೧೦೦ ಕಿಲೋ ಹಸಿ ಸಗಣಿಯನ್ನು ಕದಡಿರಿ. ಆದರೆ ಇದೇ ನೀರಿನಲ್ಲಿ ಮರಿ ತಿನ್ನುವ ಹುಳುಗಳೂ ಬೆಳೆಯುತ್ತವೆ. ಅರ್ಧ ಕಿಲೋ ಅಡಿಗೆಯೆಣ್ಣೆಗೆ ಅದರ ಮೂರನೆಯ ಒಂದು ಪಾಲು ಸೋಪು ಕರಗಿಸಿ, ಗಾಳಿಯಿಲ್ಲದ ಹೊತ್ತು ನೋಡಿ ಹಿಂದಿನ ದಿನವೇ ಚಿಮುಕಿಸಿದರೆ ನೀರಿನ ಮೇಲೆ ತೆಳುಪೊರೆ ಕಟ್ಟುತ್ತದೆ. ಉಸಿರಿಗಾಗಿ ಮೇಲೆ ಬರುವ ಹುಳುಗಳು ಸಾಯುತ್ತವೆ, ಕಿವಿರಿನಿಂದ ಉಸಿರಾಡುವ ಮರಿಗೆ ಬಾಧೆಯಿಲ್ಲ.

ತಂದ ಚೀಲವನ್ನು ಕೂಡಲೇ ಬಿಚ್ಚಬೇಡಿ. ಕಾಲುಗಂಟೆ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ಹೊರಗಿನ ನೀರಿನ ಬಿಸಿ ಸಮವಾದ ಮೇಲೆ ಬಿಡಿ.

ಇನ್ನು ಕೈಯಿಂದ ಹಾಕುವ ಆಹಾರ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ ಬೆರೆಸಿ, ನುಣ್ಣಗೆ ಪುಡಿಮಾಡಿ ಜರಡಿ ಹಿಡಿಯಿರಿ. ಮೊದಲ ೫ ದಿನ, ಬಿಟ್ಟ ಮರಿಗಳ ಒಟ್ಟು ತೂಕದ ನಾಲ್ಕರಷ್ಟು. ಮುಂದಿನ ೫ ದಿನ ಎಂಟರಷ್ಟು. ಮರಿಗಳ ತೂಕವೇ ಗ್ರಾಂ ಲೆಕ್ಕದ್ದಾದುದರಿಂದ ಇದು ಬೊಗಸೆ ತುಂಬುವುದೂ ಅಪರೂಪ. ಪಾಪ, ಹಸಿದಿರಬಹುದೆಂದು ಇನ್ನೊಂದು ಹಿಡಿ ಎಸೆಯುವ ಕರುಣೆಯೇ ಮರಿಗಳಿಗೆ ಮೃತ್ಯು. ತಿನ್ನದೆ ಉಳಿದುದು ತಳದಲ್ಲಿ ಕೊಳೆತು ನೀರಿನ ಆಮ್ಲಜನಕವನ್ನು ಹೀರುತ್ತದೆ. ಹಗಲಲ್ಲಿ ಆಮ್ಲಜನಕ ಕೊಡುವ ಹಸಿರು ಪಾಚಿಯೂ ಇರುಳಿನಲ್ಲಿ ಅದನ್ನೇ ಬಳಸುತ್ತದೆ. ಆದುದರಿಂದ ಅಭಾವ ತುದಿಗೇರುವುದು ಬೆಳಗಿನ ಜಾವಕ್ಕೆ.

ಆ ಹೊತ್ತಿಗೆ ನೀವೇ ದಂಡೆಗೆ ಹೋಗಿ ನೋಡಬೇಕು, ಆಳನ್ನು ನಂಬಿ ಮಲಗಬೇಡಿ. ಮರಿಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಆಹಾರ, ಸಗಣಿ ಎರಡನ್ನೂ ನಿಲ್ಲಿಸಿ ಹೊಸ ನೀರನ್ನು ಎತ್ತರದಿಂದ ಬೀಳುವಂತೆ ಹಾಯಿಸಿರಿ. ನೀರಿಲ್ಲದಿದ್ದರೆ ಕೋಲಿನಿಂದ ಬಡಿದಾದರೂ ಗಾಳಿ ಬೆರೆಸಿರಿ. ಮೋಡ ಮುಸುಕಿದ ದಿನಗಳಲ್ಲಿ ಊಟ ಕಡಮೆಯಿರಲಿ.

ನೀರಿನ ಹದ ನೋಡಲು ಯಂತ್ರ ಬೇಡ. ತೋಳನ್ನು ನೆಟ್ಟಗೆ ಇಳಿಬಿಡಿ. ಮೊಣಕೈ ಮುಳುಗಿದರೂ ಅಂಗೈ ಕಾಣುತ್ತಿದ್ದರೆ ನೀರು ಬಡವು; ಮಣಿಕಟ್ಟು ಮುಳುಗುವಷ್ಟರಲ್ಲೇ ಮರೆಯಾದರೆ ಅತಿಯಾಯಿತು. ಕೆಸರಿನಿಂದ ಕದಡಿದ ನೀರಿಗೆ ಈ ಲೆಕ್ಕ ಸಲ್ಲದು.

ಎಲ್ಲ ಸರಿಯಾಗಿ ನಡೆದರೆ ೧೫-೨೦ ದಿನಗಳಲ್ಲಿ ಮರಿ ಅಂಗುಲದುದ್ದವಾಗುತ್ತದೆ. ಆಗ ದೊಡ್ಡ ಹೊಂಡಕ್ಕೆ ಸಾಗಿಸಬಹುದು. ಬಲೆ ಹಾಕುವ ಹಿಂದಿನ ದಿನ ಮಾತ್ರ ಊಟ ಹಾಕಬೇಡಿ. ಹೊಟ್ಟೆ ತುಂಬಿದ ಮರಿ ದಾರಿಯ ನೀರನ್ನು ಕೆಡಿಸುತ್ತದೆ.