ಕತ್ತಲೆಕೋಣೆಯಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ

ಕತ್ತಲೆಕೋಣೆಯ ಕೆಂಪು ದೀಪದಡಿ, ದ್ರಾವಣದಲ್ಲಿ ಮುಳುಗಿದ ಬಿಳಿ ಕಾಗದದ ಮೇಲೆ ಚಿತ್ರ ಮೂಡುವುದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಆದರೆ ಮರುದಿನ ಅದೇ ನೆಗೆಟಿವ್‌ನಿಂದ ಪೇಲವವಾದ ಚಿತ್ರ ಬಂದರೆ ಕಾರಣ ತಿಳಿಯುವುದು ಕಷ್ಟ. ಉಷ್ಣತೆ, ಕಾಲ, ದ್ರಾವಣದ ಹಳತನ, ಕಲಕಿದ ರೀತಿ ಎಲ್ಲವೂ ಬದಲಾಗಿರಬಹುದು. ಕಾಗದವಾದರೆ ಇನ್ನೊಂದು ಹಾಳೆ ತೆಗೆಯಬಹುದು. ಫಿಲ್ಮ್ ಕೆಟ್ಟರೆ ಕೆಟ್ಟಂತೆಯೇ.

ಫಿಲ್ಮಿನ ಜಿಲೆಟಿನ್ ಪದರದಲ್ಲಿ ಸಿಲ್ವರ್ ಬ್ರೋಮೈಡಿನ ಸೂಕ್ಷ್ಮ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಂದೆಡೆ ಸೇರುತ್ತವೆ. ಕಣ್ಣಿಗೆ ಕಾಣದ ಇದೇ ಸುಪ್ತಬಿಂಬ. ಡೆವಲಪರ್ ಒಂದು ಅಪಕರ್ಷಣಕಾರಿ. ಅದು ಅಂಥ ಹರಳನ್ನು ಇಡಿಯಾಗಿ ಲೋಹದ ಬೆಳ್ಳಿಯಾಗಿಸುತ್ತದೆ. ನಮಗೆ ಕಪ್ಪಾಗಿ ಕಾಣುವುದು ಈ ಬೆಳ್ಳಿಯೇ. ಬೆಳಕು ಕಾಣದ ಹರಳುಗಳನ್ನೂ ಅದು ಬಿಡುವುದಿಲ್ಲ, ನಿಧಾನವಾಗಿ ಮುಟ್ಟುತ್ತದೆ ಅಷ್ಟೆ. ಆದ್ದರಿಂದ ಸರಿಯಾದ ಹೊತ್ತಿಗೆ ನಿಲ್ಲಿಸಬೇಕು.

1920ರ ದಶಕದಿಂದ ಬಳಕೆಯಲ್ಲಿರುವ ಡಿ-76 ಎಂಬ ಡೆವಲಪರನ್ನು ಮನೆಯಲ್ಲೇ ತಯಾರಿಸಬಹುದು. 1 ಲೀಟರ್ ದ್ರಾವಣಕ್ಕೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಮೆಟಾಲ್ ಮತ್ತು ಹೈಡ್ರೊಕ್ವಿನೋನ್ ಜೊತೆಗೂಡಿದಾಗ ಅವುಗಳ ಶಕ್ತಿ ಬಿಡಿಬಿಡಿಯಾಗಿದ್ದಾಗಿನ ಮೊತ್ತಕ್ಕಿಂತ ಹೆಚ್ಚು. ಸಲ್ಫೈಟ್ ಅವು ಗಾಳಿಯಲ್ಲಿ ಉತ್ಕರ್ಷಣಗೊಳ್ಳದಂತೆ ಕಾಯುತ್ತದೆ. ಬೊರಾಕ್ಸ್ ದ್ರಾವಣವನ್ನು ಕ್ಷಾರೀಯವಾಗಿಡುತ್ತದೆ. ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗದು. ಕೈಗವಸು ಬೇಕೇ ಬೇಕು.

ಪ್ರಮಾಣಿತ ಉಷ್ಣತೆ 20 ಡಿಗ್ರಿ ಸೆ. ಇಲ್ಫರ್ಡ್‌ನ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಆಗ ಏಳೂವರೆ ನಿಮಿಷ ಹಿಡಿಯುತ್ತದೆ. 24 ಡಿಗ್ರಿಯಲ್ಲಿ ಅದು ಐದು ನಿಮಿಷ ಚಿಲ್ಲರೆಗೆ ಇಳಿಯುತ್ತದೆ. ನಮ್ಮಲ್ಲಿ ಬೇಸಿಗೆಯ ನಲ್ಲಿ ನೀರು 30 ಡಿಗ್ರಿಯನ್ನೂ ದಾಟುವುದುಂಟು. ಆಗ ಕಾಲ ತೀರಾ ಕಿರಿದಾಗಿ ಫಿಲ್ಮಿನ ಮೇಲೆ ಅಸಮ ಪಟ್ಟೆಗಳು ಬೀಳುತ್ತವೆ, ಜಿಲೆಟಿನ್ ಉಬ್ಬಿ ಮೆತ್ತಗಾಗುತ್ತದೆ. ಡಬ್ಬಿಯನ್ನು ಮಂಜುಗಡ್ಡೆ ಹಾಕಿದ ಬಕೆಟ್ಟಿನಲ್ಲಿಟ್ಟು ಥರ್ಮಾಮೀಟರ್ ನೋಡುವುದೊಂದೇ ದಾರಿ. ತೊಳೆಯುವ ನೀರೂ ಅದೇ ಉಷ್ಣತೆಗೆ ಹತ್ತಿರವಿರಲಿ.

ಈಗ ಪ್ರಯೋಗ. ನೆರಳಿನಲ್ಲಿ ಕಪ್ಪು ಕಂಬಳಿ, ಬಿಸಿಲಿನಲ್ಲಿ ಬಿಳಿ ಪಂಚೆ ಎರಡೂ ಕಾಣುವಂತೆ ಒಂದೇ ದೃಶ್ಯವನ್ನು, ಒಂದೇ ಬೆಳಕಿನಲ್ಲಿ, ಕ್ಯಾಮೆರಾದ ಹೊಂದಿಕೆ ಬದಲಿಸದೆ ಸುರುಳಿ ಪೂರ್ತಿ ತೆಗೆಯಿರಿ. ಪೂರ್ಣ ಕತ್ತಲೆಯಲ್ಲಿ (ಫಿಲ್ಮಿಗೆ ಕೆಂಪು ದೀಪವೂ ಆಗದು) ಅದನ್ನು ಮೂರು ತುಂಡು ಮಾಡಿ, 20 ಡಿಗ್ರಿಯಲ್ಲೇ ಐದು, ಏಳೂವರೆ ಮತ್ತು ಹತ್ತು ನಿಮಿಷ ಸಂಸ್ಕರಿಸಿ. ಪ್ರತಿ ಸಲವೂ ಹೊಸ ದ್ರಾವಣ, ನಿಮಿಷಕ್ಕೊಮ್ಮೆ ಹತ್ತು ಸೆಕೆಂಡು ಕಲಕುವುದು. ಮೂರನ್ನೂ ಕಿಟಕಿಗೆ ಹಿಡಿದು ನೋಡಿ. ಕಂಬಳಿಯ ಭಾಗ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಪಂಚೆಯ ಭಾಗ ಮಾತ್ರ ದಟ್ಟವಾಗುತ್ತ ಹೋಗಿರುತ್ತದೆ. ಅಂದರೆ ನೆರಳಿನ ವಿವರ ಕ್ಯಾಮೆರಾದಲ್ಲೇ ಸಿಗಬೇಕು. ಅಲ್ಲಿ ಸಿಗದ್ದನ್ನು ಡೆವಲಪರ್ ತಂದುಕೊಡಲಾರದು.

ಕಾಗದದ ವಿಷಯ ಬೇರೆ. ಹೊಸಬರು ಚಿತ್ರ ಬೇಗ ಕಪ್ಪಾಗುತ್ತಿದೆಯೆಂದು ಅರ್ಧ ನಿಮಿಷಕ್ಕೇ ಎತ್ತಿಬಿಡುತ್ತಾರೆ. ನಿಜವಾದ ಕಪ್ಪು ಬಾರದೆ ಬೂದಿಬಣ್ಣ ಉಳಿಯುತ್ತದೆ. ಕಾಗದದ ವಿಧಕ್ಕೆ ಹೇಳಿರುವ ಪೂರ್ಣ ಸಮಯ ಕೊಡಿ, ಬದಲಿಸುವುದಿದ್ದರೆ ಬೆಳಕನ್ನು ಬದಲಿಸಿ. ಒಂದು ಪಟ್ಟಿಯ ಮೇಲೆ ರಟ್ಟು ಸರಿಸುತ್ತ 5, 10, 15, 20 ಸೆಕೆಂಡು ಬೆಳಕು ಕೊಟ್ಟರೆ ಸರಿಯಾದ ಕಾಲ ತಾನೇ ಕಾಣುತ್ತದೆ.

ಉಳಿದ ಸಿಲ್ವರ್ ಬ್ರೋಮೈಡನ್ನು ಕರಗಿಸುವುದು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಈ ಗುಣವನ್ನು 1819ರಲ್ಲಿ ಗುರುತಿಸಿದವನು ಜಾನ್ ಹರ್ಷೆಲ್. ಹೈಪೋದ ಶಕ್ತಿ ಪರೀಕ್ಷೆಗೆ ಫಿಲ್ಮಿನ ಮೊದಲ ತುದಿಯ ಚೂರನ್ನು ಹಗಲಿನಲ್ಲೇ ಅದ್ದಿ: ಹಾಲುಬಣ್ಣ ಮಾಯವಾಗಿ ಪಾರದರ್ಶಕವಾಗಲು ಹಿಡಿದ ಸಮಯದ ಎರಡರಷ್ಟು ಕಾಲ ಫಿಲ್ಮನ್ನು ಅದರಲ್ಲಿಡಬೇಕು. ಬಳಿಕ ಚೆನ್ನಾಗಿ ತೊಳೆಯದಿದ್ದರೆ ಉಳಿದ ಹೈಪೋ ಬೆಳ್ಳಿಯನ್ನು ನಿಧಾನವಾಗಿ ಸಲ್ಫೈಡಾಗಿಸುತ್ತದೆ. ಹಳೆಯ ಮದುವೆ ಫೋಟೋಗಳಲ್ಲಿ ಕಾಣುವ ಕಂದು ಕಲೆಗಳು ಹೆಚ್ಚಾಗಿ ಹೀಗೆ ಬಂದವು.